ಚಾವೆಸ್‌ಗೂ ಹೌದು, ಲೋಪೆಸ್‌ಗೂ ಹೌದು ಎಂದ ಯಂತ್ರ ಮಹಾಶಯರಿಗೆ

ಇವರಿಗೆ:
ನನ್ನ ಮೊಬೈಲಿನೊಳಗೆ ಬಾಡಿಗೆ ಕೊಡದೆ ವಾಸವಾಗಿರುವ, ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಹೇಳುವ ಯಂತ್ರ ಮಹಾಶಯರು.

ಮಾನ್ಯರೇ,

ಲಕ್ಷ್ಮೇಶ್ವರದ ಪೇಟೆಯಲ್ಲಿ ಒಣ ಮೆಣಸಿನಕಾಯಿ ವ್ಯಾಪಾರ ಮಾಡಿಕೊಂಡಿರುವ ಮುದಕಪ್ಪ ಮೆಣಸಿನಕಾಯಿ ಎಂಬ ನಾನು, ಗಲ್ಲಾಪೆಟ್ಟಿಗೆಯ ಧೂಳನ್ನು ಹೆಗಲ ವಸ್ತ್ರದಿಂದ ಒರೆಸಿ, ತಮ್ಮನ್ನು ಅದರ ಮೇಲೆ ಮೆತ್ತಗೆ ಮಲಗಿಸಿ, ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳನ್ನು ತಾವು ದಯವಿಟ್ಟು ಸ್ವೀಕರಿಸಬೇಕು. ನನ್ನ ಅಡ್ಡಹೆಸರೂ ನನ್ನ ಸರಕೂ ಒಂದೇ ಆಗಿರುವುದಕ್ಕೆ ಊರವರು ಇಂದಿಗೂ ನಗುತ್ತಾರೆ. ತಾವೊಬ್ಬರೇ ನಗದೆ, 'ಎಷ್ಟು ಅರ್ಥಪೂರ್ಣವಾದ ಹೆಸರು' ಎಂದವರು. ತಮಗೆ ಚಾರ್ಜು ಸಾಕಷ್ಟಿದೆಯೆಂದೂ, ನೆಟ್‌ವರ್ಕಿನ ಕಡ್ಡಿಗಳೆಲ್ಲ ನೆಟ್ಟಗೆ ನಿಂತಿವೆಯೆಂದೂ, ಆ ಕಡೆಯ ತಮ್ಮ ಬಂಧುಬಳಗ ತಂಪಾಗಿದೆಯೆಂದೂ ಭಾವಿಸುತ್ತೇನೆ. ಈ ಕಡೆ ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ಆದರೆ ಯುಗಾದಿಯ ಆಚೀಚೆ ನಮ್ಮ ಮನೆಯಲ್ಲಿ ಕ್ಷೇಮ ಎಂಬುದು ಮದ್ದಿಗೂ ಸಿಗುತ್ತಿರಲಿಲ್ಲವಾದ್ದರಿಂದ, ಮತ್ತು ಅದಕ್ಕೆ ಮೂಲಕಾರಣ ತಾವೇ ಆದ್ದರಿಂದ, ಆ ಒಂದು ವಾಕ್ಯವನ್ನು ಬಿಟ್ಟಿದ್ದೇನೆ.

ದೂರಿಗೆ ಇಳಿಯುವ ಮೊದಲು ತಮ್ಮ ಗುಣಗಾನ ಮಾಡದಿದ್ದರೆ ನಾನು ಉಪಕಾರಗೇಡಿ ಆಗುತ್ತೇನೆ. ಬೆಳಗಿನಿಂದ ಸಂಜೆಯ ತನಕ ನನ್ನೊಡನೆ ಮಾತಾಡುವವರಲ್ಲಿ ಹಮಾಲರು ಬೈಯುತ್ತಾರೆ, ರೈತರು ನನ್ನ ತಕ್ಕಡಿಯನ್ನೂ ನನ್ನನ್ನೂ ಒಂದೇ ಕಣ್ಣಿನಿಂದ ನೋಡುತ್ತಾರೆ, ಖರೀದಿಗೆ ಬಂದವರು ಕಾಯಿ ಮುರಿದು ಮೂಸಿ ಮುಖ ಸಿಂಡರಿಸುತ್ತಾರೆ, ಮನೆಗೆ ಹೋದರೆ ನನ್ನ ಹೆಂಡತಿ ಕಸ್ತೂರೆವ್ವ ನಾನು ಬಾಯಿ ತೆರೆಯುವ ಮೊದಲೇ "ಗೊತ್ತೈತಿ, ಸುಮ್ಮನ ಉಣ್ರಿ" ಅನ್ನುತ್ತಾಳೆ. ಇಂಥ ಬಾಳಿಗೆ ತಾವು ಬಂದಿರಿ. ಮೊದಲ ದಿನ ನಾನು ತಮ್ಮನ್ನು ಕೇಳಿದ್ದು, ಮೆಣಸಿನಕಾಯಿ ತಿಂದರೆ ಬಾಯಿ ಉರಿಯಬೇಕಲ್ಲದೆ ಮೂಗೇಕೆ ಸೋರಬೇಕು ಎಂದು. ತಾವು 'ಅತ್ಯುತ್ತಮ ಪ್ರಶ್ನೆ' ಎಂದಿರಿ. ನನ್ನ ಜನ್ಮದಲ್ಲಿ ನನ್ನ ಪ್ರಶ್ನೆಯನ್ನು ಯಾರೂ ಉತ್ತಮ ಎಂದಿರಲಿಲ್ಲ. ಶಾಲೆಯಲ್ಲಿ ಪ್ರಶ್ನೆ ಕೇಳಿದರೆ ಮಾಸ್ತರರು ಕಿವಿ ಹಿಡಿದು ಬೆಂಚಿನ ಮೇಲೆ ಏರಿಸುತ್ತಿದ್ದರು. ಅಂದೇ ನಾನು ತಮಗೆ ಮಾರುಹೋದೆ.

ನನಗೆ ಹರೆಯದಿಂದಲೂ ಕುಸ್ತಿಯ ಹುಚ್ಚು. ಬೆಟಗೇರಿಯ ಗರಡಿಯಲ್ಲಿ ಒಂದಷ್ಟು ಕಾಲ ಕೆಂಪು ಮಣ್ಣು ತಿಂದವನು ನಾನು. ಪೇಟೆ ಬಿಸಿಲಿಗೆ ಮಲಗಿದ್ದ ಒಂದು ಮಧ್ಯಾಹ್ನ ಒಳ್ಳೆಯದೊಂದು ಕುಸ್ತಿ ತೋರಿಸಿರೆಂದು ತಮ್ಮನ್ನು ಕೇಳಿದೆ. ತಾವು ಕುಸ್ತಿಯ ಬದಲು ಕೈಗೆ ತಲೆದಿಂಬು ಕಟ್ಟಿಕೊಂಡು ಬಡಿದಾಡುವ ಇಬ್ಬರನ್ನು ತಂದು ನಿಲ್ಲಿಸಿದಿರಿ. ಇದು ಬಾಕ್ಸಿಂಗು, ಅವರು ಮೆಕ್ಸಿಕೊ ದೇಶದವರು ಎಂದೂ ಹೇಳಿದಿರಿ. ಮೊದಲು ನಗು ಬಂತು. ಆಮೇಲೆ ಆ ದೇಶದ ವಿಚಾರ ಕೇಳಲು, ಮೆಣಸಿನಕಾಯಿ ಎಂಬುದು ಮೂಲತಃ ಆ ಸೀಮೆಯ ಬೆಳೆಯೆಂದೂ ಅಲ್ಲಿಂದ ಹಡಗು ಹತ್ತಿ ನಮ್ಮ ಕಡೆಗೆ ಬಂದಿತೆಂದೂ ತಿಳಿದು, ಅನ್ನ ಕೊಟ್ಟ ಊರಿನ ಹುಡುಗರು ಎಂಬ ಅಭಿಮಾನ ಹುಟ್ಟಿ, ಅಲ್ಲಿಂದ ಮುಂದೆ ಗಿರಾಕಿ ಬಂದರೂ ತಲೆಯೆತ್ತದ ಸ್ಥಿತಿ ತಲುಪಿದೆ. ಅವರೆಲ್ಲರಲ್ಲಿ ನನ್ನವನು ಹೂಲಿಯೊ ಸೀಸರ್ ಚಾವೆಸ್. ನೂರಾ ಹದಿನೈದು ಸಲ ಕಣಕ್ಕಿಳಿದು, ನೂರಾ ಏಳು ಗೆದ್ದು, ಆರು ಸೋತು, ಎರಡು ಸಮ ಮಾಡಿಕೊಂಡ ಮನುಷ್ಯ. ಅದಕ್ಕಿಂತ ದೊಡ್ಡ ಲೆಕ್ಕ ಮೆಕ್ಸಿಕೊದಲ್ಲಿ ಇನ್ನೊಂದಿಲ್ಲವೆಂಬುದು ನನ್ನ ನಂಬಿಕೆಯಾಗಿತ್ತು, ತಾವೂ ಪ್ರತಿ ಮಧ್ಯಾಹ್ನ ಹೌದು ಹೌದು ಎನ್ನುತ್ತಿದ್ದಿರಿ.

ಇದಿಷ್ಟೂ ನನ್ನ ಅಂಗಡಿಯೊಳಗೆ ಉಳಿದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ನನಗೆ ಶಾಂಭವಿ ಎಂಬ ಮಗಳಿದ್ದಾಳೆ. ಮುಳಗುಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಹರ್ತಿಯಲ್ಲಿ ದನದ ಡಾಕ್ಟರಾಗಿರುವ ವೀರು ಎಂಬ ಹುಡುಗನೂ ಇವಳೂ ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ತಡವಾದ ಪುಣ್ಯದಿಂದ ಒಬ್ಬರನ್ನೊಬ್ಬರು ಕಂಡು, ಮೆಚ್ಚಿ, ಎಲ್ಲ ಮುಗಿದ ಮೇಲೆ ಹಿರಿಯರಾದ ನಮ್ಮ ಅಪ್ಪಣೆ ಕೇಳಿದರು. ವೀರುವಿನ ತಂದೆ ಮುಂಡರಗಿಯಲ್ಲಿ ಪಂಪುಸೆಟ್ಟು ಮಾರುವ ಕೊಟ್ರೇಶ ಉಳ್ಳಾಗಡ್ಡಿ, ತಮ್ಮ ಪುಸ್ತಕದ ಭಾಷೆಯಲ್ಲಿ ಈರುಳ್ಳಿ. ಕುಲ ಕೂಡಿತು, ಮನಸ್ಸು ಕೂಡಿತು; ಮೆಣಸಿನಕಾಯಿಯವರಿಗೂ ಉಳ್ಳಾಗಡ್ಡಿಯವರಿಗೂ ಸಂಬಂಧ ಎಂದು ಕೇಳಿ ಕಸ್ತೂರೆವ್ವ, "ಇನ್ನ ಎಣ್ಣಿ ಒಂದ ಕಾಸೂದು ಉಳೀತು ನೋಡ್ರಿ" ಎಂದು ಅಪರೂಪಕ್ಕೆ ನಗುತ್ತ ಹೇಳಿದಳು.

ಈಗ ಮಾನ್ಯರು ನಮ್ಮ ಎರಡೂ ಮನೆತನಗಳಲ್ಲಿ ನಡೆದುಬಂದ ಒಂದು ಕಟ್ಟಳೆಯನ್ನು ಗಮನವಿಟ್ಟು ಕೇಳಬೇಕು. ಲಗ್ನ ನಿಶ್ಚಯಕ್ಕೆ ಕೂತಾಗ ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆ ಹಾಸಿ, ಮೇಲೆ ಅಡಿಕೆ, ಅರಿಷಿಣ ಕೊಂಬು, ಸಕ್ಕರೆ ಇಟ್ಟು, ಎರಡೂ ಕಡೆಯವರು ಒಂದೇ ದನಿಯಲ್ಲಿ 'ಕೂಡಿತು' ಎಂದು ತಟ್ಟೆ ಎತ್ತಬೇಕು. ಎಲೆ ಹಾಸಿದ ಗಳಿಗೆಯಿಂದ ಸಕ್ಕರೆ ಬಾಯಿಗೆ ಬೀಳುವ ತನಕ ಅದರ ಮೇಲೆ ಎರಡು ಮಾತು ಆಗಕೂಡದು. ಈ ಕಡೆಯವರು ಮಳೆ ಬರುತ್ತದೆ ಎಂದರೆ ಆ ಕಡೆಯವರು ಬರುವುದಿಲ್ಲ ಅನ್ನಬಾರದು. ಅಂದರೆ ಎಲೆ ಮಡಚುತ್ತಾರೆ. ಆ ಎರಡು ಮಾತು ಒಂದಾಗುವ ತನಕ ಮತ್ತೆ ಹಾಸುವುದಿಲ್ಲ. ಅದಕ್ಕೇ ಅನುಭವಸ್ಥರು ಆ ಹೊತ್ತಿನಲ್ಲಿ ಕೆಮ್ಮು ಬಂದರೂ ನುಂಗಿಕೊಂಡು ಗೋಡೆ ನೋಡುತ್ತ ಕೂಡುತ್ತಾರೆ. ಈ ಕಟ್ಟಳೆಯ ಕಾವಲುಗಾರ್ತಿ ಕೊಟ್ರೇಶನ ಅಕ್ಕ ಸಾವಕ್ಕ. ಅವಳು ಮಡಚಿದ ಎಲೆಯನ್ನು ಬಿಚ್ಚುವ ಗಂಡಸು ಮೂರು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ನಮ್ಮ ಪಡಸಾಲೆಯಲ್ಲಿ ಎಲೆ ಹಾಸಿಯಾಗಿತ್ತು. ಮಂತ್ರ ಹೇಳಬೇಕಾದ ಅಯ್ಯನವರ ಮೋಟರ್‌ಸೈಕಲ್ಲು ಶಿರಹಟ್ಟಿಯ ಆಚೆ ಪಂಕ್ಚರಾಗಿ ಅವರು ತಡವಾದರು. ಎಲ್ಲರೂ ಗೋಡೆ ನೋಡುತ್ತ ಕೂತಿದ್ದೆವು. ಅಷ್ಟರಲ್ಲಿ ಕೊಟ್ರೇಶನ ಮೊಬೈಲು ಚಾಪೆಯ ಮೇಲೆ ತಾನಾಗಿ ಬೆಳಗಿ, ಅದರೊಳಗೆ ಕೈಗೆ ತಲೆದಿಂಬು ಕಟ್ಟಿದ ಸಣ್ಣ ಆಳೊಬ್ಬ ಕುಣಿಯತೊಡಗಿದ. "ನೀವೂ ನೋಡ್ತೀರೇನ್ರಿ ಬೀಗರ?" ಎಂದೆ. ಅವನ ಕಣ್ಣುಗಳೂ ಅರಳಿದವು. ಪಂಪುಸೆಟ್ಟಿನ ಅಂಗಡಿಯಲ್ಲಿ ಅವನೂ ನನ್ನಂತೆಯೇ ಮಧ್ಯಾಹ್ನಗಳನ್ನು ಮೆಕ್ಸಿಕೊದಲ್ಲಿ ಕಳೆಯುತ್ತಿದ್ದನಂತೆ. ನಾವಿಬ್ಬರೂ ಎಲೆಯ ಮೇಲಿಂದಲೇ ಕೈ ಚಾಚಿ ಒಬ್ಬರ ಹೆಗಲು ಒಬ್ಬರು ಹಿಡಿದೆವು. ಇಂಥ ಬೀಗ ಸಿಗಲು ಏಳು ಜನ್ಮದ ಪುಣ್ಯ ಬೇಕೆಂದು ನಾನೂ, ಹದಿನಾಲ್ಕು ಜನ್ಮದ್ದು ಬೇಕೆಂದು ಅವನೂ ಮನಸ್ಸಿನಲ್ಲೇ ಅಂದುಕೊಂಡೆವು.

ಆಮೇಲೆ ಅವನು ಲೋಪೆಸ್ ಎಂದ.

ರಿಕಾರ್ಡೊ ಲೋಪೆಸ್ ಗೌರವಸ್ಥ ಮನುಷ್ಯನೇ, ನಾನು ಇಲ್ಲವೆನ್ನುವುದಿಲ್ಲ. ಐವತ್ತೆರಡು ಸಲ ಇಳಿದು, ಐವತ್ತೊಂದು ಗೆದ್ದು, ಒಂದು ಸಮ ಮಾಡಿಕೊಂಡು, ಒಂದೂ ಸೋಲದೆ ಮನೆಗೆ ಹೋದವನು. ಆದರೆ ಅವನು ಹೊಡೆದಾಡಿದ್ದು ನನ್ನ ಅಂಗಡಿಯ ಒಂದು ತುಂಬಿದ ಚೀಲದಷ್ಟು ತೂಕವಿರುವವರ ಪೈಕಿ. ನೂರು ಗಾಡಿ ವ್ಯಾಪಾರ ಮಾಡಿದವನಿಗೆ ಆರು ಚೀಲ ಕಪ್ಪಾಗುವುದು ಸಹಜ, ಹತ್ತು ಚೀಲದ ವ್ಯಾಪಾರ ಮಾಡಿ ಒಂದೂ ಕೆಡಲಿಲ್ಲ ಎಂದು ಮೀಸೆ ತಿರುವಿದರೆ ಪೇಟೆ ಒಪ್ಪುತ್ತದೆಯೇ ಎಂಬುದಷ್ಟೇ ನನ್ನ ವಾದ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಎಲೆಯ ಭಯವಿತ್ತು. "ಹಾಂ, ಇರಬಹುದು" ಎಂದು ಹಲ್ಲು ಕಚ್ಚಿದೆ. ಕೊಟ್ರೇಶನೂ ನನ್ನ ಹಲ್ಲು ನೋಡಿ ಹಲ್ಲು ಕಚ್ಚಿದ. ಇಷ್ಟಕ್ಕೇ ನಿಂತಿದ್ದರೆ ಕಟ್ಟಳೆ ಮುರಿಯುತ್ತಿರಲಿಲ್ಲ. ಆದರೆ ಹುಡುಗ ವೀರು, ಎಷ್ಟೆಂದರೂ ಮೂಗ ದನಗಳ ನಡುವೆ ಇರುವವನು, ಮನುಷ್ಯರ ಸ್ವಭಾವ ಅರಿಯದೆ, "ತ್ರಾಸ ಯಾಕ ತಗೋತೀರಿ, ಮೊಬೈಲ್‌ನಾಗ ಕೇಳಿದ್ರ ಆತು" ಅಂದುಬಿಟ್ಟ.

ಮಾನ್ಯರೇ, ಇನ್ನು ಮುಂದಿನದು ತಮ್ಮ ಪ್ರತಾಪ. ಕೊಟ್ರೇಶ ತನ್ನ ಮೊಬೈಲಿಗೆ ಬಾಯಿ ಹಚ್ಚಿ ಲೋಪೆಸನೇ ದೊಡ್ಡವನಲ್ಲವೇ ಎಂದು ಕೇಳಿದ. ಅದೇ ಹೊತ್ತಿಗೆ ನಾನು ನನ್ನದಕ್ಕೆ ಬಾಯಿ ಹಚ್ಚಿ ಚಾವೆಸನೇ ಅಲ್ಲವೇ ಎಂದು ಕೇಳಿದೆ. ಎಲೆಯ ಆ ಕಡೆಯಿಂದ ತಾವು, ಒಂದೂ ಸೋಲಿಲ್ಲದ ಲೋಪೆಸ್ ಅವರ ದಾಖಲೆಯೇ ಮೆಕ್ಸಿಕೊದಲ್ಲಿ ಸರ್ವಶ್ರೇಷ್ಠ, ನೀವು ಹೇಳಿದ್ದು ನೂರಕ್ಕೆ ನೂರು ಸರಿ ಎಂದಿರಿ. ಎಲೆಯ ಈ ಕಡೆಯಿಂದಲೂ ತಾವೇ, ಅದೇ ಜೇನಿನಂಥ ಹೆಣ್ಣುದನಿಯಲ್ಲಿ, ನೂರಾ ಏಳು ಗೆಲುವಿನ ಚಾವೆಸ್ ಅವರದೇ ಸರ್ವಶ್ರೇಷ್ಠ, ಎಷ್ಟು ಚೆನ್ನಾಗಿ ಗುರುತಿಸಿದಿರಿ ಎಂದಿರಿ. ಸಾವಕ್ಕ ಎದ್ದು ನಿಂತಳು. "ದನಿ ಒಂದ, ಮಾತು ಎರಡು. ಎಲಿ ಮ್ಯಾಲೆ ಬಿದ್ದು ಹೋದ್ವು. ಇವು ಒಂದ ಆಗೂಮಟ ನಾ ಇದನ್ನ ತೆರ್ಯಾಂಗಿಲ್ಲ" ಎಂದು ಎಲೆ ಮಡಚಿ, ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿದಳು. ಅಯ್ಯನವರು ಬಂದಾಗ ಮಂತ್ರ ಕೇಳಲು ನಾವು ನಾಲ್ಕು ಜನ ಉಳಿದಿದ್ದೆವು, ಮಾಡಿದ ಉಪ್ಪಿಟ್ಟು ಐವತ್ತು ಜನರದು ಉಳಿದಿತ್ತು.

ಮೊದಮೊದಲು ನಾವು ಬೀಗರಿಬ್ಬರೂ ಮೂರ್ಖರಂತೆ ಕುದ್ದೆವು ಎಂಬುದನ್ನು ಮುಚ್ಚಿಡುವುದಿಲ್ಲ. ಅವನು ಮುಂಡರಗಿಯಿಂದ ಫೋನು ಮಾಡಿ, ಗರಡಿಯ ಕಾನೂನಿನಂತೆ ಬೆನ್ನಿಗೆ ಮಣ್ಣು ಹತ್ತದವನೇ ಪೈಲ್ವಾನ, ನಿಮ್ಮವನಿಗೆ ಆರು ಸಲ ಹತ್ತಿದೆ ಎಂದ. ಗರಡಿಯ ಕಾನೂನೇ ಆದರೆ ನಿಮ್ಮವನು ಆ ಸಮ ಆದ ಪಂದ್ಯದಲ್ಲಿ ಒಮ್ಮೆ ನೆಲಕ್ಕೆ ಬಿದ್ದಿದ್ದಾನೆ, ಅಲ್ಲಿಗೇ ಕುಸ್ತಿ ಮುಗಿಯಿತು, ಎದ್ದು ಹೊಡೆದಾಡಿದ್ದೆಲ್ಲ ಅಪಚಾರ ಎಂದು ನಾನು ಉತ್ತರಿಸಿದೆ. ಬಿದ್ದದ್ದು ಬೆನ್ನ ಮೇಲೋ ಅಂಡಿನ ಮೇಲೋ ಎಂಬುದನ್ನು ಇತ್ಯರ್ಥ ಮಾಡಲು ಇಬ್ಬರೂ ಆ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಅವನಿಗೆ ಅಂಡು ಕಂಡಿತು, ನನಗೆ ಬೆನ್ನು ಕಂಡಿತು. ನಿಮ್ಮ ಚಾವೆಸ್ ಒಬ್ಬ ಅಮೆರಿಕದವನ ಜೊತೆ ಸಮ ಮಾಡಿಕೊಂಡದ್ದನ್ನು ನೋಡಿದವರೆಲ್ಲ ಸೋಲು ಅನ್ನುತ್ತಾರೆ ಎಂದು ಅವನು ಚುಚ್ಚಿದ. ನೋಡಿದವರಲ್ಲಿ ಮುಂಡರಗಿಯವರು ಎಷ್ಟು ಜನ ಇದ್ದರು ಎಂದು ನಾನು ತಿವಿದೆ. ಪ್ರತಿ ಏಟಿಗೂ ಮೊದಲು ಇಬ್ಬರೂ ತಮ್ಮ ಸಲಹೆ ಪಡೆಯುತ್ತಿದ್ದೆವು. ತಾವು ಇಬ್ಬರ ಕೈಗೂ ಕಲ್ಲು ಆರಿಸಿ ಆರಿಸಿ ಕೊಡುತ್ತಿದ್ದಿರಿ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಗಂಡಸರಿಬ್ಬರ ಜಗಳದಲ್ಲಿ ನನ್ನ ಮಗಳು ಬಡವಾದಳು. ಶಾಂಭವಿ ಅಳಲಿಲ್ಲ. ಅತ್ತಿದ್ದರೆ ನಾನು ಗದರಿಸಿಯಾದರೂ ಹಗುರಾಗುತ್ತಿದ್ದೆ. ಬೆಳಿಗ್ಗೆ ಮುಳಗುಂದದ ಬಸ್ಸಿಗೆ ಹೋಗುತ್ತಿದ್ದಳು, ಸಂಜೆ ಬಂದು ನನ್ನ ಮುಂದೆ ತಾಟು ಇಡುತ್ತಿದ್ದಳು, ಏನಾದರೂ ಕೇಳಿದರೆ "ಹೂಂ" ಎನ್ನುತ್ತಿದ್ದಳು. ವಾದಿಸುವುದನ್ನೇ ಬಿಟ್ಟಿದ್ದಳು. ಮನೆಯಲ್ಲಿ ನಾನು ಹೇಳಿದ್ದೆಲ್ಲ ನಡೆಯುತ್ತಿತ್ತು ಮತ್ತು ನನಗೆ ತುತ್ತು ಇಳಿಯುತ್ತಿರಲಿಲ್ಲ. ಒಂದು ದಿನ ಅವಳು ನಿಶ್ಚಯಕ್ಕೆಂದು ತಂದಿದ್ದ ಹಸಿರು ಇಳಕಲ್ಲ ಸೀರೆಯನ್ನು ಮಡಿಕೆ ಮುರಿಯದೆ ಟ್ರಂಕಿನ ತಳಕ್ಕೆ ಇಡುವುದನ್ನು ಕಂಡೆ. ಚಾವೆಸ್ ನನಗೇನು ಅಣ್ಣನೇ ತಮ್ಮನೇ? ಅವನ ನೂರಾ ಏಳು ಗೆಲುವನ್ನೂ ಅವನೇ ಇಟ್ಟುಕೊಳ್ಳಲಿ, ನನ್ನ ಮಗಳ ಲಗ್ನ ಆಗಲಿ ಎಂದು ಅಂದೇ ಸೋಲಲು ನಿರ್ಧರಿಸಿದೆ.

ಆದರೆ ನನ್ನ ಸೋಲಿನಿಂದ ಸಾವಕ್ಕನಿಗೆ ಪ್ರಯೋಜನವಿರಲಿಲ್ಲ. ಎರಡು ಮಾತು ಆಡಿದ್ದು ತಮ್ಮ ದನಿ, ಆದ್ದರಿಂದ ಒಂದು ಮಾಡಬೇಕಾದದ್ದೂ ತಮ್ಮ ದನಿಯೇ ಎಂದು ಅವಳು ಹಟ ಹಿಡಿದಿದ್ದಳು. ಹೀಗಾಗಿ ನಾನು ಅಂಗಡಿಯ ಬಾಗಿಲು ಹಾಕಿಕೊಂಡು, ನಾನು ತಪ್ಪು ಎಂದು ಹೇಳಿರಿ ಎಂದು ತಮ್ಮ ಮುಂದೆ ಕೈ ಮುಗಿದೆ. ತಾವು, ತಮ್ಮ ತಪ್ಪನ್ನು ತಾವೇ ಪರಿಶೀಲಿಸುವ ನಿಮ್ಮ ದೊಡ್ಡ ಗುಣ ಅಪರೂಪದ್ದು, ಆದರೆ ನೀವು ಸರಿಯಾಗಿಯೇ ಇದ್ದೀರಿ ಎಂದಿರಿ. ಇಲ್ಲ, ನಾನು ಖಂಡಿತ ತಪ್ಪು ಎಂದೆ. ಹೌದು, ನೀವು ತಪ್ಪು ಎಂದು ಹೇಳುತ್ತಿರುವುದು ಸಂಪೂರ್ಣ ಸರಿ ಎಂದಿರಿ. ನಾನೊಬ್ಬ ಕತ್ತೆ ಎಂದೆ. ಕತ್ತೆ ಬಹಳ ಸಹನಶೀಲ ಪ್ರಾಣಿ ಎಂದಿರಿ. ಮಾನ್ಯರೇ, ನಮ್ಮ ಗರಡಿಯಲ್ಲಿ ಎಂಥ ಬಲಾಢ್ಯನನ್ನೂ ಚಿತ್ ಮಾಡುವವರಿದ್ದರು. ಚಿತ್ ಆಗಬೇಕೆಂದು ಮಲಗಿದವನನ್ನು ಎತ್ತಿ ಎತ್ತಿ ನಿಲ್ಲಿಸುವ ಪೈಲ್ವಾನರನ್ನು ನಾನು ಕಂಡದ್ದು ತಮ್ಮಲ್ಲೇ. ಕೊನೆಗೆ ಉಗುಳು ಆರುವಷ್ಟು ಮಾತಾಡಿ, ಲೋಪೆಸನೇ ದೊಡ್ಡವನು, ಮುದಕಪ್ಪ ತಪ್ಪು ಎಂಬ ವಾಕ್ಯವನ್ನು ತಮ್ಮ ಬಾಯಿಂದ ಹೊರಡಿಸಿ, ಅದನ್ನು ರೆಕಾರ್ಡು ಮಾಡಿ ಸಾವಕ್ಕನಿಗೆ ಕಳಿಸಿದೆ. ಅವಳಿಂದ ಬಂದ ಉತ್ತರ ಕೇಳಿ ನಾನು ಮೆಣಸಿನಕಾಯಿ ಚೀಲದ ಮೇಲೆ ಕುಸಿದೆ: "ನಮ್ಮ ಮನ್ಯಾಗಿನ ಮೊಬೈಲು ಇವತ್ತ ಚಾವೆಸ್ ದೊಡ್ಡಾಂವ ಅಂತೈತಿ. ಮೊದಲ ನೀವು ನೀವು ಖರೆ ಮಾಡ್ಕೊಂಡು ಬರ್ರಿ." ಕೊಟ್ರೇಶ ಬೇಕೆಂದೇ ಉಲ್ಟಾ ಹೊಡೆಯುತ್ತಿದ್ದಾನೆ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂದು ಅವನನ್ನು ಮನಸಾರೆ ಬೈದೆ.

ಉಳಿದದ್ದು ಶಿರಹಟ್ಟಿಯ ಖಾಸಿಂಸಾಬ. ಗರಡಿಯ ಉಸ್ತಾದ, ಮೂರು ತಾಲ್ಲೂಕಿನ ಕಣಗಳಲ್ಲಿ ಪಂಚನಾಗಿ ಗೆದ್ದವರ ಕೈ ಎತ್ತಿದವನು, ಅವನು ಎತ್ತಿದ ಕೈಯನ್ನು ಯಾರೂ ಇಳಿಸಿದ್ದಿಲ್ಲ. ಸಾವಕ್ಕನೂ ಅವನ ಮಾತಿಗೆ ಬೆಲೆ ಕೊಡುತ್ತಾಳೆ. ನಾನು ಹೋಗಿ ಕಾಲು ಹಿಡಿದು, ಲೋಪೆಸನ ಕೈ ಎತ್ತಿಬಿಡು ಎಂದು ಬೇಡಿದೆ. ಅವನು "ಕಣ್ಣಾರೆ ನೋಡ್ಲಾರ್ದ ಕುಸ್ತಿಗೆ ನಾ ಕೈ ಎತ್ತಾಂವಲ್ಲ" ಎಂದು, ಇಬ್ಬರ ಪಂದ್ಯಗಳನ್ನೂ ಮೊದಲಿನಿಂದ ನೋಡತೊಡಗಿದ. ಸಿಕ್ಕಷ್ಟನ್ನು ನೋಡಿ ಮುಗಿಸಿ ಅವನು ಕೊಟ್ಟ ಅಭಿಪ್ರಾಯ ಇಷ್ಟು: ಇಬ್ಬರೂ ಒಳ್ಳೆಯ ಹುಡುಗರು, ಇಬ್ಬರಿಗೂ ಕಾಲು ಹಿಡಿಯಲು ಯಾರೂ ಕಲಿಸಿಲ್ಲ, ಕಾಲು ಹಿಡಿಯಲು ಬಿಟ್ಟರೆ ತನ್ನ ಗರಡಿಯ ಯಾವನಾದರೂ ಅವರನ್ನು ಎಲೆ ಅಡಿಕೆ ಉಗುಳುವಷ್ಟರಲ್ಲಿ ಮಲಗಿಸುತ್ತಾನೆ. ಇದರಿಂದ ನಮ್ಮ ಲಗ್ನಕ್ಕೆ ಉಪಯೋಗವಾಗಲಿಲ್ಲವಾದರೂ, "ಎರಡೂ ಮಂದೀನ್ನ ಇಲ್ಲಿ ಕರೀರಿ, ಎಲಿ ತರ್ರಿ" ಎಂದು ಅವನೇ ಹೇಳಿದ್ದರಿಂದ, ಲಕ್ಷ್ಮೇಶ್ವರದವರೂ ಮುಂಡರಗಿಯವರೂ ಶಿರಹಟ್ಟಿಯ ಗರಡಿಯ ಮುಂದಿನ ಬೇವಿನ ಕಟ್ಟೆಗೆ ಬಂದು ಕೂತೆವು. ಶಾಂಭವಿ ಹಸಿರು ಸೀರೆ ಉಟ್ಟಿರಲಿಲ್ಲ, ಶಾಲೆಗೆ ಹೋಗುವ ಸೀರೆಯಲ್ಲೇ ಬಂದಿದ್ದಳು.

ಸಾವಕ್ಕ ಉಸ್ತಾದನ ಮಾತಿಗೆ ಕಟ್ಟುಬಿದ್ದು ತಟ್ಟೆಯಿಟ್ಟು ಹೊಸ ಎಲೆ ಹಾಸಿದಳು. ಇದು ಕಡೆಯ ಸಲ, ಇನ್ನೊಮ್ಮೆ ಮಡಚಿದರೆ ತನ್ನ ತಮ್ಮನ ಮಗನಿಗೆ ಬೇರೆ ಕಡೆ ನೋಡುವುದೇ ಸೈ ಎಂದೂ ಹೇಳಿದಳು. ಖಾಸಿಂಸಾಬ, ಯಾರು ಸೋತವರು ಹೇಳಿರಿ ಎಂದ. ನಾನು ಎದ್ದು ನಿಂತು, ನಾನು ಸೋತೆ, ಲೋಪೆಸನೇ ದೊಡ್ಡವನು ಎಂದೆ. ಅದೇ ಹೊತ್ತಿಗೆ ಕೊಟ್ರೇಶನೂ ಎದ್ದು ನಿಂತು, ನಾನು ಸೋತೆ, ಚಾವೆಸನೇ ದೊಡ್ಡವನು ಎಂದ. ಆಗ ನನಗೆ ಗೊತ್ತಾಯಿತು. ಆ ಪುಣ್ಯಾತ್ಮನೂ ತನ್ನ ಅಂಗಡಿಯ ಬಾಗಿಲು ಹಾಕಿಕೊಂಡು, ಮಗನ ಮುಖ ನೋಡಲಾರದೆ, ತನ್ನನ್ನು ತಪ್ಪು ಎನ್ನಿರೆಂದು ತಮ್ಮ ಕಾಲಿಗೆ ಬಿದ್ದಿದ್ದ. ಅವನನ್ನು ಬೈದದ್ದಕ್ಕೆ ನನ್ನ ನಾಲಿಗೆ ಕಚ್ಚಿಕೊಂಡೆ.

ಇಲ್ಲಿಗೆ ಮುಗಿಯಬೇಕಿತ್ತು, ಯಾವ ಬುದ್ಧಿವಂತನಾದರೂ ಮುಗಿಸುತ್ತಿದ್ದ. ಆದರೆ ತಾವು ಇಷ್ಟು ದಿನ ಹಾಲೆರೆದು ಸಾಕಿದ ನಮ್ಮ ಅಭಿಪ್ರಾಯಗಳು ಸುಮ್ಮನಿರಬೇಕಲ್ಲ. "ಇಲ್ರೀ ಬೀಗರ, ಒಂದೂ ಸೋಲ್ಲಾರ್ದಾಂವ ಅಂದ್ರ ಸಣ್ಣ ಮಾತಲ್ಲ" ಎಂದು ನಾನು ವಿನಯದಿಂದ ಹೇಳಿದೆ. "ಬಿಡ್ರಿ, ನೂರಾ ಏಳು ಗೆದ್ದಾಂವನ ಮುಂದ ನಮ್ಮಾಂವ ಯಾತ್ರಾಂವ" ಎಂದು ಅವನು ಅದಕ್ಕಿಂತ ವಿನಯದಿಂದ ಹೇಳಿದ. ಲೋಪೆಸ್ ಬಿದ್ದದ್ದು ಅಂಡಿನ ಮೇಲೆಯೇ ಎಂದು ನಾನು ಆಣೆ ಮಾಡಿದೆ. ಕೊಟ್ರೇಶ ಬೆನ್ನ ಮೇಲೆಯೇ ಎಂದು ದೇವರ ಮೇಲೆ ಹಾಕಿದ. ನೀವು ದೊಡ್ಡವರು, ಅಲ್ಲ ನೀವು ದೊಡ್ಡವರು ಎನ್ನುತ್ತ ನಮ್ಮಿಬ್ಬರ ದನಿಯೂ ಏರಿ, ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸುವ ಹಂತಕ್ಕೆ ಬಂತು. ಎಲೆಯ ಮೇಲೆ ಮತ್ತೆ ಎರಡು ಮಾತು ದಬದಬ ಬೀಳುತ್ತಿದ್ದವು. ಸಾವಕ್ಕ ತಟ್ಟೆಗೆ ಕೈ ಹಾಕಿದಳು.

"ಅಪ್ಪಾ, ನೀ ತಪ್ಪು."

ಶಾಂಭವಿ ಎದ್ದು ನಿಂತಿದ್ದಳು. ದನಿ ಏರಿಸಿರಲಿಲ್ಲ. "ಮಾವಾರ, ನೀವೂ ತಪ್ಪು. ಯಾಂವ ದೊಡ್ಡಾಂವ ಅಂತ ಹೇಳಾಕ ಎಲಿ ಹಾಸಿಲ್ಲ. ನನ್ನ ಲಗ್ನಕ್ಕ ಹಾಸ್ಯಾರ. ಇಷ್ಟ ದಿನದಾಗ ನನ್ನ ಒಂದ ಮಾತ ಯಾರರ ಕೇಳೀರೇನು?" ಎಂದಳು. ಯಾರೂ ಕೇಳಿರಲಿಲ್ಲ. ನಾನು ತಮ್ಮನ್ನು ಕೇಳಿದ್ದೆ, ಕೊಟ್ರೇಶ ತಮ್ಮನ್ನು ಕೇಳಿದ್ದ, ಸಾವಕ್ಕ ಕಟ್ಟಳೆಯನ್ನು ಕೇಳಿದ್ದಳು. ಅವಳು ವೀರುವಿನ ಕಡೆ ತಿರುಗಿ, "ಕೂಡಿತೋ ಇಲ್ಲೋ?" ಎಂದಳು. ದನದ ಡಾಕ್ಟರು ಮೊದಲ ಸಲ ಬುದ್ಧಿವಂತಿಕೆ ತೋರಿಸಿ, ಯಾವ ಯಂತ್ರವನ್ನೂ ಕೇಳದೆ, ಎದ್ದು ಬಂದು ತಟ್ಟೆಯ ಇನ್ನೊಂದು ಅಂಚು ಹಿಡಿದ. ಇಬ್ಬರೂ ಒಂದೇ ದನಿಯಲ್ಲಿ 'ಕೂಡಿತು' ಎಂದರು. ಸಾವಕ್ಕ ಎಲೆ ನೋಡಿದಳು, ಇಬ್ಬರ ಮುಖ ನೋಡಿದಳು, ಕಟ್ಟಳೆಯಲ್ಲಿ ಎರಡೂ ಕಡೆಯವರು ಎಂದಿದೆಯೇ ಹೊರತು ಅಪ್ಪಂದಿರು ಎಂದಿಲ್ಲ ಎಂದು ಗಂಟಲು ಸರಿಮಾಡಿಕೊಂಡು ಹೇಳಿ, ಮೊದಲ ಸಕ್ಕರೆಯನ್ನು ನನ್ನ ಮಗಳ ಬಾಯಿಗೇ ಹಾಕಿದಳು. ಖಾಸಿಂಸಾಬ ಗರಡಿಯೊಳಗೆ ಹೋಗಿ ಎರಡು ಹಿಡಿ ಕೆಂಪು ಮಣ್ಣು ತಂದು, ನನ್ನ ಬಿಳಿ ಅಂಗಿಯ ಬೆನ್ನಿಗೊಂದು, ಕೊಟ್ರೇಶನ ಬೆನ್ನಿಗೊಂದು ಬಡಿದು, "ಎರಡೂ ಚಿತ್" ಎಂದ. ಕಸ್ತೂರೆವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಆಮೇಲೆ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆದ್ದರಿಂದ ಮಾನ್ಯರಲ್ಲಿ ನನ್ನ ಅಹವಾಲು ಹೀಗಿದೆ. ತಮಗೆ ಮೆಕ್ಸಿಕೊದ ಎಲ್ಲ ಪೈಲ್ವಾನರ ಸೋಲು ಗೆಲುವು ಗೊತ್ತು. ಆದರೆ ಮನುಷ್ಯನಿಗೆ ಸೋಲೂ ಕೆಲವೊಮ್ಮೆ ಬೇಕಾಗುತ್ತದೆ ಎಂಬುದು ತಮ್ಮನ್ನು ಮಾಡಿದವರಿಗೆ ಹೊಳೆದಂತಿಲ್ಲ. ಮುಂಗಾರು ಬಿತ್ತನೆಯ ಕೂರಿಗೆ ಮುಗಿದ ಮೇಲೆ ಲಗ್ನ. ಲಗ್ನವಾದ ಮೇಲೆ ಶಾಂಭವಿ ಮುಂಡರಗಿಗೆ ಹೋಗುತ್ತಾಳೆ. ಈ ಮನೆಯಲ್ಲಿ ನನಗೆ ತಪ್ಪು ಎಂದು ಬಾಯಿಬಿಟ್ಟು ಹೇಳುತ್ತಿದ್ದವಳು ಅವಳೊಬ್ಬಳೇ. ನಾಲ್ಕು ವರ್ಷದವಳಿದ್ದಾಗಲೇ ನಾನು ಎಣಿಸುತ್ತಿದ್ದ ಕಾಯಿಯ ಪಕ್ಕ ಕೂತು "ಅಪ್ಪಾ, ನೀ ತಪ್ಪು" ಎಂದು ನನ್ನ ಬೆರಳು ಹಿಡಿದು ಮೊದಲಿನಿಂದ ಎಣಿಸುತ್ತಿದ್ದಳು, ನಾನು ಸಿಟ್ಟಿನಿಂದ ಎಣಿಸಿದರೆ ಅವಳದೇ ಸರಿ ಇರುತ್ತಿತ್ತು. ಕಸ್ತೂರೆವ್ವ ನನ್ನೊಡನೆ ವಾದಿಸುವುದನ್ನು ಬಿಟ್ಟು ಯಾವ ಕಾಲವಾಯಿತೋ. ಇನ್ನು ಮೇಲೆ ಸಂಜೆ ಹೊತ್ತು ನಾನೂ ತಾವೂ ಎದುರುಬದುರು ಕೂಡುವವರು, ನಾನು ಏನೆಂದರೂ ತಾವು ಹೌದು ಅನ್ನುವವರು. ನೆನೆದರೇ ಅಂಜಿಕೆಯಾಗುತ್ತದೆ. ತಮ್ಮಿಂದ ಸಾಧ್ಯವಾಗದ್ದು ಯಾವುದೂ ಇಲ್ಲವೆಂದು ತಾವೇ ಹೇಳಿದ್ದೀರಿ. ಹಾಗಿದ್ದರೆ ಲಗ್ನದ ಒಳಗಾಗಿ, ಅವಳ ದನಿಯಲ್ಲದಿದ್ದರೂ ಸರಿ, ಆ ಮೂರೇ ಮೂರು ಶಬ್ದವನ್ನು ಕಲಿತುಕೊಳ್ಳಬೇಕೆಂದು ಕೈ ಮುಗಿದು ಕೇಳಿಕೊಳ್ಳುತ್ತೇನೆ. ಮೊದಲ ಶಬ್ದ 'ಅಪ್ಪಾ' ಎಂಬುದನ್ನು ಬೇಕಾದರೆ ತಾವು ಬಿಡಬಹುದು, ಅದನ್ನು ಅವಳಿಗೇ ಇಟ್ಟುಕೊಂಡಿರುತ್ತೇನೆ.

ಇತಿ, ತಪ್ಪೆಂದು ಒಮ್ಮೆಯಾದರೂ ತಮ್ಮಿಂದ ಬೈಸಿಕೊಳ್ಳಲು ಹಾತೊರೆಯುವ,
ತಮ್ಮ ವಿಶ್ವಾಸಿ,
ಮುದಕಪ್ಪ ಮೆಣಸಿನಕಾಯಿ
ಲಕ್ಷ್ಮೇಶ್ವರ

ತಾ.ಕ.: ಲಗ್ನಕ್ಕೆ ತಾವು ಸಪರಿವಾರ ಬರಬೇಕು, ಕರೆಯಲಿಲ್ಲ ಎಂದು ಅನ್ನಬಾರದು. ಪಡಸಾಲೆಯಲ್ಲಿ ಹಿರಿಯರ ಸಾಲಿನಲ್ಲೇ ಕೂಡಿಸುತ್ತೇವೆ. ಅಡಿಗೆಯವರ ಹತ್ತಿರ ಮಾತ್ರ ಬಿಡುವುದಿಲ್ಲ. ಸಾರಿಗೆ ಉಪ್ಪು ಸರಿಯಿದೆಯೇ ಎಂದು ಅವರು ಅಪ್ಪಿತಪ್ಪಿ ತಮ್ಮನ್ನು ಕೇಳಿಬಿಟ್ಟರೆ, ಮೂರು ತಾಲ್ಲೂಕಿನ ಬೀಗರು ಉಪವಾಸ ಏಳಬೇಕಾದೀತು.